ನೂರಾ ಹನ್ನೆರಡು ಮಾರ್ಕ್ಸಿನ ಕುರಿ

ಡಿಸೆಂಬರ್ 9, ಮಂಗಳವಾರ. ಸಂಜೆ 5

ನೀಟ್ ಕೋಚಿಂಗಿನ ಟೆಸ್ಟ್ ರಿಸಲ್ಟ್ ಅಂಟಿಸಿದ್ದಾರೆ. ಬಯಾಲಜಿ 291, ಮುನ್ನೂರ ಅರವತ್ತಕ್ಕೆ. ಕೆಮಿಸ್ಟ್ರಿ ಪರವಾಗಿಲ್ಲ. ಫಿಸಿಕ್ಸ್ 26. ನೂರ ಎಂಬತ್ತಕ್ಕೆ.

ಕಪ್ಪೆಯ ಹೃದಯಕ್ಕೆ ಎಷ್ಟು ಕೋಣೆ ಎಂದರೆ ನಿದ್ದೆಯಲ್ಲೂ ಹೇಳುತ್ತೇನೆ. 0.02ನ್ನು 400ರಿಂದ ಗುಣಿಸು ಎಂದರೆ ಮುಗಿಯಿತು. ಆ ಬಿಂದುವನ್ನು ಎಲ್ಲಿ ಕೂರಿಸಬೇಕು ಎಂದು ಯೋಚಿಸುವಷ್ಟರಲ್ಲಿ ಬೆಲ್. ಡಾಕ್ಟರಾಗಲು ಗಣಿತ ಬೇಡ ಎಂದು ಪಿಯುಸಿಯಲ್ಲಿ ನಂಬಿಸಿದ ಮಹನೀಯರಿಗೆಲ್ಲ ನನ್ನ ಸಾಷ್ಟಾಂಗ.

ದುಃಖವನ್ನು ಶಾಸ್ತ್ರೋಕ್ತವಾಗಿಯೇ ಮಾಡಬೇಕಲ್ಲ. ನೋಟಿಸ್ ಬೋರ್ಡಿನಲ್ಲಿ ಕಪ್ಪು ಅಂಚಿನ ಚೀಟಿ ಅಂಟಿಸಿದೆ: “ಶ್ರೀಮತಿ ಲಾಗರಿದಮ್ಮನವರು ದಿನಾಂಕ 7ರ ಭಾನುವಾರದ ಟೆಸ್ಟಿನಲ್ಲಿ ದೈವಾಧೀನರಾದರೆಂದು ತಿಳಿಸಲು ವಿಷಾದಿಸುತ್ತೇವೆ. ಇಂತಿ, ದುಃಖತಪ್ತ ರಿಪೀಟರ್ ಬಳಗ.”

ರಘುನಾಥ್ ಸರ್ ನಮ್ಮ ಕೋಚಿಂಗ್ ಸೆಂಟರಿನ ಓನರೂ ಹೌದು, ಫಿಸಿಕ್ಸ್ ಮೇಷ್ಟ್ರೂ ಹೌದು. ಕನ್ನಡಕ ಏರಿಸಿ ಪೂರ್ತಿ ಓದಿದರು.

“ಬರವಣಿಗೆ ಚೆನ್ನಾಗೈತಮ್ಮ ಮೋನಿಕಾ. ನಾಳೆಯಿಂದ ಬೆಳಿಗ್ಗೆ ಆರೂವರೆಗೆ ಬಾ. ತಿಥಿ ಊಟ ಹಾಕ್ತೀನಿ.”

ಆರೂವರೆಯದು ದಡ್ಡರ ಕ್ಲಾಸ್. ಭಿನ್ನರಾಶಿ, ದಶಮಾಂಶ, ಹತ್ತರ ಘಾತ. ಚಿತ್ರದುರ್ಗದ ಚಳಿಯಲ್ಲಿ.

ಡಿಸೆಂಬರ್ 13, ಶನಿವಾರ

ಬ್ಯಾಗ್ ತುಂಬಿದೆ. ಮತ್ತೆ ಖಾಲಿ ಮಾಡಿದೆ. ವಿವರ ಹೀಗೆ.

ಅಪ್ಪನ ಮಾತು ಒಂದೇ ವರ್ಷದ್ದು. “ಒಂದು ಸಲ ಇನ್ನ ಬರಿ. ಆಗ್ಲಿಲ್ಲಾಂದ್ರೆ ನಾನು ಹೇಳ್ದಂಗೆ ಕೇಳ್ಬೇಕು.” ಅಪ್ಪ ಹೇಳುವುದು ಏನೆಂದರೆ, ಹೊಸದುರ್ಗದಲ್ಲಿ ಚಿತ್ರಲಿಂಗಪ್ಪ ಮಾವನ ಮೆಡಿಕಲ್ ಶಾಪ್. ಕೌಂಟರಿನಲ್ಲಿ ಕೂತು ಡಾಕ್ಟರುಗಳ ಕೈಬರಹ ಓದುವುದು. ವೈದ್ಯಕೀಯ ಕ್ಷೇತ್ರವೇ ಅಲ್ಲವೇ.

ಇವತ್ತು ಆರೂವರೆಯ ಕ್ಲಾಸಿನಲ್ಲಿ 3/8 ದೊಡ್ಡದೋ 2/5 ದೊಡ್ಡದೋ ಎಂದು ಕೇಳಿದರು. ನಿಂತೆ. ನಿಂತೇ ಇದ್ದೆ. ರೂಮಿಗೆ ಬಂದು ಬ್ಯಾಗ್ ಎಳೆದೆ.

ರೂಮ್‌ಮೇಟ್ ಅನುಷಕ್ಕ ಬಾಗಿಲಿಗೆ ಅಡ್ಡ ನಿಂತಳು. ಹೊಳಲ್ಕೆರೆಯವಳು. ಎರಡು ಸಲ ನೀಟ್ ಬರೆದು ಎರಡನೇ ಸಲ ಕೂದಲೆಳೆಯಲ್ಲಿ ಸೀಟು ಕಳೆದುಕೊಂಡವಳು. ಈಗ ನಮ್ಮ ಸೆಂಟರಿನಲ್ಲೇ ಟೆಸ್ಟಿನ ಉಸ್ತುವಾರಿ: ಪ್ರಶ್ನೆಪತ್ರಿಕೆ, ತಿದ್ದುವುದು, ರಿಸಲ್ಟ್ ಅಂಟಿಸುವುದು.

“ಎಲ್ಲಿಗ್ಲೇ?”

“ಹೊಸದುರ್ಗಕ್ಕೆ. ಪ್ಯಾರಾಸಿಟಮಾಲ್ ಕೊಡೋಕೆ.”

“ಮುಚ್ಕಂಡು ಕುಂತ್ಕ. ಲೆಕ್ಕ ನಾನು ಕಲಿಸ್ತೀನಿ. ಯುಗಾದಿ ಹೊತ್ತಿಗೆ ಫಿಸಿಕ್ಸ್‌ನಾಗೆ ನೂರು ದಾಟಿಸ್ತೀನಿ, ನೋಡ್ತಿರು.”

“ದಾಟದಿದ್ರೆ?”

“ಇಬ್ರೂ ಹೋಗಾಣ ಮೆಡಿಕಲ್ ಶಾಪಿಗೆ.”

ಅತ್ತೆ. ಅವಳೂ ಅತ್ತಳು. ಆಮೇಲೆ ಮಂಡಕ್ಕಿ ಒಗ್ಗರಣೆ ತಿಂದೆವು.

ಡಿಸೆಂಬರ್ 22, ಸೋಮವಾರ

ದಿನಾ ಸಂಜೆ ಆರರಿಂದ ಎಂಟು ಅನುಷಕ್ಕನ ಪಾಠ. ಮೊದಲ ದಿನವೇ ಕೇಳಿದಳು, “ನಿಂಗೆ ಅಂಕಿ ಕಂಡ್ರೆ ಯಾಕಿಷ್ಟು ಭಯ?”

ಗಂಭೀರವಾಗಿ ಹೇಳಿದೆ: ಇದು ವಂಶಪಾರಂಪರ್ಯ. ನಮ್ಮದು ಕುರಿ ಮನೆ. ಹಿರೇಗುಂಟನೂರಿನಲ್ಲಿ ಅಪ್ಪನ ಹತ್ತಿರ ಎಷ್ಟು ಕುರಿ ಇವೆ ಎಂದು ಅಪ್ಪನೂ ಹೇಳುವುದಿಲ್ಲ. ಬಾಯಿಬಿಟ್ಟು ಎಣಿಸಿದರೆ ಮಂದೆ ಸವೆಯುತ್ತದೆ ಅಂತ ನಂಬಿಕೆ. ಸಂಜೆ ರೊಪ್ಪದ ಬಾಗಿಲಲ್ಲಿ ಕೋಲು ಅಡ್ಡ ಹಿಡಿದು ಒಂದೊಂದನ್ನೇ ಒಳಗೆ ಬಿಡುತ್ತಾನೆ. ಮುಖ ನೋಡುತ್ತಾನೆ ಅಷ್ಟೇ. ಕೊನೆಗೆ, “ಕಿವಿ ಹರಿದೋಳು ಬಂದಿಲ್ಲ” ಎಂದು ಟಾರ್ಚ್ ಹಿಡಿದು ಹೊರಡುತ್ತಾನೆ. ಸಂಖ್ಯೆಯೇ ಇಲ್ಲದ ಗಣಿತ.

ಅನುಷಕ್ಕ ಬಿದ್ದು ಬಿದ್ದು ನಕ್ಕಳು. ಅವತ್ತಿನಿಂದ ಅವಳ ಲೆಕ್ಕಗಳಲ್ಲೆಲ್ಲ ಕುರಿಗಳೇ. ಇಳಿಜಾರಿನಲ್ಲಿ ಜಾರುವ ಕುರಿ. ಲಿಫ್ಟಿನಲ್ಲಿ ಮೇಲೆ ಹೋಗುವ ಕುರಿ.

ತಿದ್ದುವುದನ್ನೂ ತೋರಿಸಿದಳು. ಉತ್ತರದ ಸೊನ್ನೆ ಕಪ್ಪು ಮಾಡುವ ಓಎಂಆರ್ ಹಾಳೆ ತಿದ್ದಲು ನಮ್ಮಲ್ಲಿ ಮಷಿನ್ ಇಲ್ಲ. ಸರಿಯುತ್ತರ ಇರುವ ಕಡೆಯೆಲ್ಲ ಊದುಬತ್ತಿಯಿಂದ ಸುಟ್ಟು ತೂತು ಮಾಡಿದ ಒಂದು ಹಾಳೆ. ಅದನ್ನು ನಮ್ಮ ಹಾಳೆಯ ಮೇಲೆ ಇಡಬೇಕು. ತೂತಿನಲ್ಲಿ ಕಪ್ಪು ಕಂಡರೆ ನಾಲ್ಕು ಮಾರ್ಕ್ಸು, ತಪ್ಪುತ್ತರಕ್ಕೆ ಒಂದು ಕಡಿತ. ನಮ್ಮೆಲ್ಲರ ಹಣೆಬರಹ ಸೈಕಲ್ ಬ್ರ್ಯಾಂಡ್ ಊದುಬತ್ತಿಯ ವಾಸನೆ ಹೊಡೆಯುತ್ತದೆ.

ಜನವರಿ 6, ಮಂಗಳವಾರ

71!!

ಮೂರು ಸಲ ನೋಡಿದೆ. ನನ್ನ ಹೆಸರೇ.

ಜನವರಿ 20, ಮಂಗಳವಾರ

88. ರಘುನಾಥ್ ಸರ್ ಆರೂವರೆಯ ಪಟ್ಟಿಯಿಂದ ನನ್ನ ಹೆಸರು ಹೊಡೆದುಹಾಕಿದರು. “ಇನ್ನು ನೀನು ಬರಾದು ಬ್ಯಾಡಮ್ಮ, ಮಲಕ್ಕ.” ದಡ್ಡರ ಸಂಘದಿಂದ ನನ್ನನ್ನು ಗೌರವಪೂರ್ವಕವಾಗಿ ಬೀಳ್ಕೊಡಲಾಯಿತು. ನಾನೇ ಬೀಳ್ಕೊಡುಗೆ ಭಾಷಣ ಮಾಡಿದೆ, ನಾನೇ ಚಪ್ಪಾಳೆ ತಟ್ಟಿದೆ.

ಭಿನ್ನರಾಶಿ ಇನ್ನೂ ಅರ್ಧಕ್ಕೇ ನಿಂತಿದೆ. ಇರಲಿ. ಬಂದೇ ಬರುತ್ತದೆ, ಮಾರ್ಕ್ಸೇ ಬಂದಮೇಲೆ.

ಫೆಬ್ರವರಿ 10, ಮಂಗಳವಾರ

102. ಅಪ್ಪನಿಗೆ ಫೋನ್.

“ಅಪ್ಪಾ, ಫಿಸಿಕ್ಸ್‌ನಾಗೆ ನೂರಾ...”

“ಏಯ್, ಎಣಿಸಿ ಹೇಳ್ಬ್ಯಾಡ ಕಣವ್ವ. ಕಣ್ಣಾಗ್ತದೆ. ಚೆನ್ನಾಗೈತೋ ಇಲ್ವೋ, ಅಷ್ಟು ಹೇಳು.”

“ಚೆನ್ನಾಗೈತೆ.”

“ಸಾಕು ಬಿಡು.”

ಹಿಂದೆ ಅಮ್ಮನ ದನಿ: “ಊಟ ಮಾಡ್ತಾಳಂತಾ ಕೇಳ್ರಿ.” ಅಪ್ಪ ಆಗಲೇ ಯಾರಿಗೋ ಕೂಗಿ ಹೇಳುತ್ತಿದ್ದ — ನಮ್ಮುಡುಗಿ ಡಾಕ್ಟ್ರಾಗ್ತಾಳೆ, ಸೀಟು ಆದಂಗೇ ಅಂತ. ಊರಿಗೇ ಹಬ್ಬಿರುತ್ತದೆ.

ಅನುಷಕ್ಕನಿಗೆ ಹೇಳಿದೆ. “ಇಷ್ಟು ಬೇಗ ಯಾಕ್ ಹೇಳಿದ್ಯೇ?” ಎಂದಳು. ಮುಖ ಬಿಳಿಚಿಕೊಂಡಿತ್ತು. ಹೊಟ್ಟೆನೋವಂತೆ.

ಮಾರ್ಚ್ 15, ಭಾನುವಾರ. ಮಧ್ಯಾಹ್ನ

ಇತಿಹಾಸದಲ್ಲಿ ಬರೆದಿಡತಕ್ಕ ದಿನ. ನಾಳೆ ಅನುಷಕ್ಕನ ಬರ್ತ್‌ಡೇ. ಉಡುಗೊರೆ ಇವತ್ತೇ ಕೊಟ್ಟೆ.

ಟೆಸ್ಟಿನಲ್ಲಿ ಫಿಸಿಕ್ಸಿನ ಒಂದೂ ಪ್ರಶ್ನೆ ಓದಲಿಲ್ಲ. ಓಎಂಆರ್ ಹಾಳೆಯ ಆ ನಲವತ್ತೈದು ಸಾಲುಗಳಲ್ಲಿ ಸೊನ್ನೆಗಳನ್ನು ಕಪ್ಪು ಮಾಡಿ ಮಾಡಿ ಒಂದು ಕುರಿ ಬರೆದೆ. ನಾಲ್ಕು ಕಾಲು, ಉಬ್ಬಿದ ಹೊಟ್ಟೆ, ಒಂದು ಹರಿದ ಕಿವಿ. ಒಂದು ಸಾಲಿನಲ್ಲಿ ಎರಡು-ಮೂರು ಸೊನ್ನೆ ತುಂಬಿದರೆ ನಮ್ಮ ಸೆಂಟರಿನಲ್ಲಿ ಆ ಪ್ರಶ್ನೆ ಲೆಕ್ಕಕ್ಕೇ ಇಲ್ಲ. ಅಂದರೆ ಫಿಸಿಕ್ಸ್: ಶುದ್ಧ ಸೊನ್ನೆ. ನೂರು ದಾಟಿದವಳಿಗೆ ಒಂದು ಟೆಸ್ಟ್ ಹೋದರೆ ಏನಾಯಿತು? ಕುರಿ ಕಾಣದಂತೆ ಆ ಭಾಗವನ್ನು ಮಡಿಸಿ ಕೊಟ್ಟೆ.

ಇವತ್ತು ತಿದ್ದುವಾಗ ತೂತಿನ ಹಾಳೆ ಇಡುತ್ತಾಳೆ. ಪ್ರತಿ ತೂತಿನಿಂದಲೂ ಉಣ್ಣೆ ಇಣುಕುತ್ತದೆ. ಬಯ್ಯುತ್ತಾಳೆ. ಆಮೇಲೆ ನಗುತ್ತಾಳೆ. ಕಾಯುತ್ತಿದ್ದೇನೆ.

ಮಾರ್ಚ್ 16, ಸೋಮವಾರ

ನಗಲಿಲ್ಲ. ಬಯ್ಯಲೂ ಇಲ್ಲ. ಎಲ್ಲ ತಿದ್ದಿ ಆಯಿತು ಎಂದಳು. ಕೇಕ್ ತಿಂದಳು. ನನಗಿಂತ ದೊಡ್ಡ ನಟಿ ಇವಳು.

ಮಾರ್ಚ್ 17, ಮಂಗಳವಾರ

112.

ತಮಾಷೆಗೆ ತಮಾಷೆ ಅಂದುಕೊಂಡೆ. ಬೋರ್ಡಿನ ಮುಂದೆ ನಿಂತು ನಕ್ಕೆ ಕೂಡ. ಸಂಜೆ ರೂಮಿನಲ್ಲಿ ಕೇಳಿದೆ, “ಅಕ್ಕಾ, ನನ್ ಪೇಪರ್ ಹೆಂಗಿತ್ತು?”

ಬಟ್ಟೆ ಮಡಿಸುತ್ತಿದ್ದಳು. ತಲೆ ಎತ್ತಲಿಲ್ಲ.

“ಚೆನ್ನಾಗಿತ್ತು ಕಣೆ. ಕರೆಂಟ್ ಎಲೆಕ್ಟ್ರಿಸಿಟಿ ಎಲ್ಲಾ ಕರೆಕ್ಟ್ ಮಾಡಿದ್ಯ. ಆಪ್ಟಿಕ್ಸ್‌ನಾಗೆ ಒಂದೆರಡು ಹೋಗಿದಾವೆ.”

ಆಪ್ಟಿಕ್ಸಿನಲ್ಲಿ ಕುರಿಯ ಬಾಲ ಇತ್ತು.

ಅವಳ ಟ್ರಂಕಿನ ಮೇಲೆ ಹಾಳೆಗಳ ಕಟ್ಟು. ಎಳೆದೆ. ನನ್ನದು ಹುಡುಕಿದೆ. ಮೇಲೆ ಕೆಂಪು ಶಾಯಿಯಲ್ಲಿ 112. ಮಡಿಕೆ ಬಿಚ್ಚಿದೆ, ಕೆಳಗೆ ನನ್ನ ಕುರಿ. ಒಂದು ರೈಟ್ ಗುರುತಿಲ್ಲ, ಒಂದು ರಾಂಗ್ ಇಲ್ಲ. ನಾನು ಮಡಿಸಿದ್ದನ್ನು ಅವಳು ಬಿಚ್ಚಿ ಕೂಡ ಇರಲಿಲ್ಲ.

ಸುಳ್ಳು ಮಾರ್ಕ್ಸ್ ಹಾಕಿದ್ದು ಒಂದು. ನೋಡಲೇ ಇಲ್ಲವಲ್ಲ...

“ಎಷ್ಟು ದಿನದಿಂದ?”

“ನೀನು ಅವತ್ತು ಬ್ಯಾಗ್ ಹಿಡ್ಕಂಡು ನಿಂತಿದ್ಯಲ್ಲೇ. ಒಂದ್ಸಲ ಧೈರ್ಯ ಬರ್ಲಿ ಅಂತ ನಲವತ್ತು ಜಾಸ್ತಿ ಹಾಕ್ದೆ. ನೀನು ಎಷ್ಟು ಕುಣಿದೆ ಗೊತ್ತಾ?”

“ಒಂದ್ಸಲ ಸರಿ. ಆಮೇಲೆ?”

“ಆಮೇಲೆ ಕಮ್ಮಿ ಹಾಕಿದ್ರೆ ಮತ್ತೆ ಬ್ಯಾಗ್ ಹಿಡಿತಿದ್ದೆ.”

“ತೂತಿನ ಹಾಳೆ ಇಡೋದು ಯಾವಾಗ ನಿಲ್ಸಿದ್ರಿ?”

‘ರಿ’ ಎಂದದ್ದು ಅವಳಿಗೆ ಕೇಳಿಸಿತು. ಮಡಿಸಿದ ಬಟ್ಟೆಯನ್ನೇ ಬಿಚ್ಚಿ ಮತ್ತೆ ಮಡಿಸತೊಡಗಿದಳು.

ಮಾರ್ಚ್ 18, ಬುಧವಾರ

ಯುಗಾದಿ ರಜೆಗೆ ಮುಂಚಿನ ಕೊನೆಯ ಕ್ಲಾಸ್. ರಘುನಾಥ್ ಸರ್ ಎಲ್ಲರನ್ನೂ ಕೂರಿಸಿ ಹೇಳಿದರು:

“ಡಿಸೆಂಬರ್‌ನಾಗೆ ಅನುಷಾ ಬಂದು, ಸರ್ ನಂಗೂ ಪಾಠ ಮಾಡಾಕೆ ಕೊಡ್ರಿ ಅಂದ್ಲು. ನಾನಂದೆ, ನಮ್ಮ ಮೋನಿಕಾನ ಯುಗಾದಿಯೊಳಗೆ ನೂರು ದಾಟ್ಸಿ ತೋರ್ಸಮ್ಮ, ಕೊಡ್ತೀನಿ ಅಂತ. ಇಪ್ಪತ್ತಾರರಿಂದ ನೂರಾ ಹನ್ನೆರಡು! ಇನ್ಮ್ಯಾಲೆ ಆರೂವರೆ ಕ್ಲಾಸು ಅನುಷಾ ಮೇಡಂದು. ಮೋನಿಕಾ, ಎದ್ದು ನಿಂತ್ಕಳಮ್ಮ. ಎಲ್ರೂ ನೋಡ್ಲಿ.”

ಯುಗಾದಿ ಹೊತ್ತಿಗೆ ನೂರು. ಅವತ್ತು ಬಾಗಿಲಲ್ಲಿ ನಿಂತು ಅವಳು ಹೇಳಿದ ಲೆಕ್ಕ ಅದೇ. ಅದು ನನಗಾಗಿ ಹಾಕಿದ್ದಾಗಿರಲೇ ಇಲ್ಲ.

ನಿಂತೆ. ಚಪ್ಪಾಳೆ. ಎಲ್ಲರ ಮುಖದಲ್ಲೂ ನಗು ಸಿದ್ಧವಾಗಿತ್ತು — ಮೋನಿಕಾ ನಿಂತಳೆಂದರೆ ಏನಾದರೂ ಒಂದು ಹೇಳುತ್ತಾಳೆ. ಕುರಿ ಹಾಳೆ ಬ್ಯಾಗಿನಲ್ಲೇ ಇತ್ತು. ತೆಗೆದು ಎತ್ತಿ ಹಿಡಿದರೆ ಸಾಕಿತ್ತು. ಅವಳು ಬೋರ್ಡಿನ ಪಕ್ಕ ನಿಂತು ನನ್ನ ಕೈಯನ್ನೇ ನೋಡುತ್ತಿದ್ದಳು.

“ಥ್ಯಾಂಕ್ಯೂ ಮೇಡಂ” ಎಂದೆ.

ಯಾರೂ ನಗಲಿಲ್ಲ. ನನ್ನ ಜೀವನದ ಅತ್ಯಂತ ಗಂಭೀರ ಭಾಷಣ.

ಮಾರ್ಚ್ 20, ಶುಕ್ರವಾರ. ಹಿರೇಗುಂಟನೂರು

ಬಸ್ ಇಳಿಯುತ್ತಿದ್ದಂತೆ ಅಂಗಡಿಯ ತಿಪ್ಪಯ್ಯಜ್ಜ ಕಾಲು ನೀವಿಕೊಳ್ಳುತ್ತ, “ಡಾಕ್ಟ್ರಮ್ಮಾ, ಈ ಮಂಡಿ ನೋಡ್ರವ್ವಾ” ಎಂದ. ನೋಡಿದೆ. ಬಾತಿದೆ. ಅಷ್ಟಾದರೂ ತಿಳಿಯಿತು.

ಸಂಜೆ ರೊಪ್ಪದ ಬಾಗಿಲಲ್ಲಿ ಅಪ್ಪನಿಗೆ ಎಲ್ಲ ಹೇಳಿದೆ. ಕೋಲು ಅಡ್ಡ ಹಿಡಿದು ಕುರಿ ಬಿಡುತ್ತಲೇ ಕೇಳಿದ. ನಿಲ್ಲಿಸಲಿಲ್ಲ. ಕೊನೆಯ ಮರಿ ಒಳಗೆ ಹೋದಮೇಲೆ ಮಾತಾಡಿದ.

“ಆ ಹುಡುಗೀದು ತಪ್ಪೈತೆ. ನಿಂದೇನು?”

“ನಂದೇನಪ್ಪಾ? ನಾನು ನಂಬಿದೆ.”

“ನಾನು ಬಾಯಲ್ಲಿ ಎಣಿಸಲ್ಲ ನಿಜ. ಆದ್ರೆ ಒಂದಿನಾನಾ ಬ್ಯಾರೆಯೋರ ಕೈಲಿ ಮಂದೆ ದಾಟ್ಸಿದೀನಾ? ಜ್ವರ ಬಂದ್ರೂ ಇಲ್ಲೇ ನಿಂತಿದೀನಿ. ನೀನು ಬಾಗ್ಲಾಗೆ ಅವ್ಳನ್ನ ನಿಲ್ಸಿ ಒಳಗೆ ಮಲಗಿದ್ದೆ.”

ಅಪ್ಪ ನನ್ನ ಪರ ಇರುತ್ತಾನೆ ಅಂದುಕೊಂಡಿದ್ದೆ. ಇವನೂ...

ಆಮೇಲೆ ಕೇಳಿದ, “ಎಷ್ಟು ದಿನ ಐತೆ ಪರೀಕ್ಷೆಗೆ?”

ಹೇಳಲು ಬೆರಳು ಮಡಿಸಬೇಕಾಯಿತು. ಅಪ್ಪ ನೋಡಿದ.

ಮಾರ್ಚ್ 24, ಮಂಗಳವಾರ

ರೂಮಿಗೆ ವಾಪಸಾದಮೇಲೆ ಹಳೆಯ ಹಾಳೆಗಳನ್ನೆಲ್ಲ ಅನುಷಕ್ಕನ ಹತ್ತಿರ ಕೇಳಿದೆ. ಕೊಟ್ಟಳು. ತೂತಿನ ಹಾಳೆಗಳನ್ನೂ. ಒಬ್ಬಳೇ ಕೂತು ತಿದ್ದಿದೆ.

71 ಎಂದದ್ದು 31.
88 ಎಂದದ್ದು 29.
102 ಎಂದದ್ದು 38.

ಜನವರಿಯಿಂದ ಆರೂವರೆಗೆ ಹೋಗದ ಬೆಳಗುಗಳು ಎಷ್ಟು, ಅದನ್ನೂ ಲೆಕ್ಕ ಹಾಕಿದೆ. ಐವತ್ತೆಂಟು. ಈ ಕೂಡಿಕೆ ಮಾತ್ರ ತಪ್ಪಿಲ್ಲ.

ರಘುನಾಥ್ ಸರ್‌ಗೆ ಹೇಳುವುದೆಂದು ಆಫೀಸಿನ ತನಕ ಹೋದೆ. ಹೇಳಿದರೆ ಅವಳ ಕ್ಲಾಸ್ ಹೋಗುತ್ತದೆ. ಅವಳ ಕ್ಲಾಸ್ ಹೋದರೆ ನನಗೆ ಅರ್ಥವಾಗುವಂತೆ ಭಿನ್ನರಾಶಿ ಹೇಳುವವರು ಯಾರೂ ಇಲ್ಲ. ವಾಪಸ್ ಬಂದೆ. ಕ್ಷಮೆ ಅಲ್ಲ ಇದು. ನನಗೂ ಲೆಕ್ಕಾಚಾರ ಬಂದಿದೆ, ಅಷ್ಟೇ.

ಮಾರ್ಚ್ 25, ಬುಧವಾರ. ಬೆಳಿಗ್ಗೆ 8

ಆರೂವರೆಗೆ ಮೊದಲ ಬೆಂಚಿನಲ್ಲಿ ಕೂತೆ. ಅವಳು ಒಳಗೆ ಬಂದಳು. ನೋಡಿದಳು. ಸೀಮೆಸುಣ್ಣ ಎರಡು ತುಂಡಾಯಿತು.

“ನೀನ್ಯಾಕೆ...”

“ಮೇಡಂ, 3/8 ದೊಡ್ಡದೋ 2/5 ದೊಡ್ಡದೋ? ಅಲ್ಲಿಂದ ಹೇಳ್ರಿ.”

ಹೇಳಿದಳು. ಚೆನ್ನಾಗಿಯೇ ಹೇಳಿದಳು. ನನಗೆ ಸಿಟ್ಟು ಬರುವುದೇ ಅದಕ್ಕೆ. ಇವಳಿಗೆ ಪಾಠ ಬರುತ್ತದೆ. ಸುಳ್ಳಿನ ಅಗತ್ಯವೇ ಇರಲಿಲ್ಲ.

ಒಂದೇ ರೂಮು. ಉಪ್ಪು ಕೊಡಿ, ಬಕೆಟ್ ಕೊಡಿ, ಲೈಟ್ ಆರಿಸಿ. ಇಷ್ಟೇ ಮಾತು. ಲೆಕ್ಕದಲ್ಲಿ ಕುರಿಗಳು ಬರುವುದಿಲ್ಲ ಈಗ. ಬ್ಲಾಕುಗಳು ಜಾರುತ್ತವೆ.

ಏಪ್ರಿಲ್ 12, ಭಾನುವಾರ. ಮಧ್ಯಾಹ್ನ 2

ಟೆಸ್ಟ್ ಆಯಿತು. ಹಾಳೆ ಅವಳ ಕೈಗೆ ಕೊಡಲಿಲ್ಲ. ತೂತಿನ ಹಾಳೆ ಕೇಳಿದೆ. ಈಗಷ್ಟೇ ಸುಟ್ಟದ್ದು, ಇನ್ನೂ ವಾಸನೆ ಇದೆ.

“ನಾನು ಹೊರಗೆ ಹೋಗ್ಲಾ?” ಎಂದಳು.

“ಬ್ಯಾಡ. ಎದುರಿಗೆ ಕುಂತ್ಕಳ್ರಿ.”

ಕೂತಿದ್ದಾಳೆ. ಕೈ ತೊಡೆಯ ಕೆಳಗೆ ಇಟ್ಟುಕೊಂಡಿದ್ದಾಳೆ, ನಾನೇನೂ ಮುಟ್ಟಿಲ್ಲ ನೋಡು ಎಂಬಂತೆ. ಪರೀಕ್ಷೆಗೆ ಇಪ್ಪತ್ತೊಂದು ದಿನ. ಬೆರಳು ಮಡಿಸಲಿಲ್ಲ.

ಹಾಳೆಯ ಮೇಲೆ ಹಾಳೆ ಇಟ್ಟೆ. ಮೂಲೆಗೆ ಮೂಲೆ ಸರಿಯಾಗಿದೆ. ಪೆನ್ನು ಈ ಪುಸ್ತಕದ ಮೇಲಿದೆ, ಎಡಗೈ ಬೆರಳು ತೂತಿನ ಮೇಲೆ. ಸರಿಯಾದದ್ದನ್ನಷ್ಟೇ ಎಣಿಸುತ್ತೇನೆ. ಬಾಯಿಬಿಟ್ಟು, ಅವಳಿಗೆ ಕೇಳಿಸುವಂತೆ. ಸವೆಯುವುದಿದ್ದರೆ ಸವೆಯಲಿ, ಅಪ್ಪಾ.

ಒಂದು. ಎರಡು. ಬಿಳಿ. ಬಿಳಿ. ಮೂರು. ನಾಲ್ಕು. ಬಿಳಿ. ಐದು. ಆರು. ಏಳು... ಅವಳ ತುಟಿಯೂ ಆಡುತ್ತಿದೆ. ಎಂಟು. ಬಿಳಿ. ಒಂಬತ್ತು. ಹತ್ತು. ಹನ್ನೊಂದು. ಇನ್ನೂ ಎರಡು ಅಂಕಣ ಪೂರ್ತಿ ಉಳಿದಿದೆ. ಹನ್ನೆರಡು. ಹದಿ—