ಕೇಳದೆ ತೆಗೆದುಕೊಂಡ ವೀಳ್ಯ

ಗಣಿವರ್ಷ ನೂರ ಹದಿನೇಳು, ಉರಿಮಾಸದ ಒಂಬತ್ತನೆಯ ಬೆಳಗು.

ಶಹಾಬಾದದ ಹಾರ್ಮೋನಿಯಂ ಮಾಸ್ತರನ ಮಗಳು ಸುಗಲಾಬಾಯಿಗೆ, ಆಕೆಯಿಂದ ಆರು ತಲೆಮಾರು ಆಚೆ ಹುಟ್ಟಿದ ನಾಟಕ ಕಂಪನಿಯ ಖಳ ಪಾತ್ರಧಾರಿ ರೇವಣಸಿದ್ಧನ ನಮಸ್ಕಾರ.

ಈ ತಾರೀಖನ್ನು ನಿನ್ನ ಮನೆಯ ಗೋಡೆಯ ಕ್ಯಾಲೆಂಡರಿನಲ್ಲಿ ಹುಡುಕಬೇಡ, ಸಿಗುವುದಿಲ್ಲ. ಚೈತ್ರಕ್ಕೂ ವೈಶಾಖಕ್ಕೂ ನಡುವೆ ನಾವು ಒಂದು ತಿಂಗಳನ್ನು ತುರುಕಿಕೊಂಡಿದ್ದೇವೆ. ಆ ತಿಂಗಳಲ್ಲಿ ಹಗಲು ಹೊರಗೆ ಹೋದವನು ಸಂಜೆಗೆ ಮರಳುವುದು ಅಪರೂಪ, ಅದಕ್ಕೇ ಅದು ಉರಿಮಾಸ. ನನ್ನ ಮಾತುಗಳಲ್ಲಿ ಕೆಲವು ನಿನಗೆ ವಿಚಿತ್ರವಾಗಿ ಕೇಳಿಸಬಹುದು, ಕ್ಷಮಿಸು. ನಿನ್ನನ್ನು ಹೇಗೆ ಕರೆಯಬೇಕು ಎಂಬುದೂ ತಿಳಿಯದು. ಲೆಕ್ಕಕ್ಕೆ ನೀನು ನನ್ನ ಮುತ್ತಜ್ಜಿಯ ಮುತ್ತಜ್ಜಿ, ಆದರೆ ಈಗ ನಿನಗೆ ಇಪ್ಪತ್ತೆರಡು, ನನಗೆ ಅರವತ್ತು ದಾಟಿದೆ. ಯವ್ವಾ ಎಂದುಬಿಡುತ್ತೇನೆ. ನಮ್ಮ ಸೀಮೆಯಲ್ಲಿ ಹೆತ್ತವಳಿಗೂ ಅದೇ ಕರೆ, ಮಗಳಿಗೂ ಅದೇ ಕರೆ. ಈ ಕಾಗದ ನಿನ್ನನ್ನು ಹೇಗೆ ಮುಟ್ಟೀತು ಎಂದು ಕೇಳಿದರೆ ನನ್ನ ಬಳಿ ಉತ್ತರವಿಲ್ಲ. ಆದರೆ ದೀಪದ ಆಚೆ ಕತ್ತಲಲ್ಲಿ ಕೂತ, ಮುಖ ಕಾಣದ ಸಭಿಕರಿಗೆ ಮಾತಾಡುವುದೇ ನನ್ನ ಕಸುಬು. ಇದನ್ನೂ ಹಾಗೆಯೇ ಬರೆಯುತ್ತೇನೆ.

ಬರೆಯುವ ಕಾರಣ ಇಷ್ಟೇ. ನಮ್ಮ ಮನೆತನದಲ್ಲಿ ಒಂದು ಮಾತು ಬಾಯಿಂದ ಬಾಯಿಗೆ ಇಳಿದು ಬಂದಿದೆ. ಡಿಗ್ರಿ ಇನ್ನೂ ಮುಗಿದಿರಲಿಲ್ಲವಂತೆ, ಅಷ್ಟರಲ್ಲೇ ದೂರದ ದೊಡ್ಡ ಕಾನೂನು ಕಾಲೇಜಿನವರು ನಿನಗೆ ಪತ್ರ ಬರೆದರಂತೆ. ಊಟ, ವಸತಿ, ಫೀಜು ಎಲ್ಲ ನಮ್ಮದು, ಪೂರ್ತಿ ವಿದ್ಯಾರ್ಥಿವೇತನ, ಆದರೆ ಬೇರೆ ಕಾಲೇಜುಗಳ ಪಟ್ಟಿ ಹೊರಬೀಳುವ ಮೊದಲೇ ನೀನು ಹೂಂ ಅನ್ನಬೇಕು ಎಂದು. ನೀನು ಏನಂದೆ ಎಂಬುದು ಮಾತ್ರ ಯಾರಿಗೂ ನೆನಪಿಲ್ಲ. ನಾಟಕದವರಿಗೆ ಪಾತ್ರಗಳು ನೆನಪಿರುತ್ತವೆ, ಉತ್ತರಗಳಲ್ಲ. ಆ ಪತ್ರ ಇನ್ನೂ ನಿನ್ನ ಕೈಯಲ್ಲೇ ಇದೆ ಎಂದು ನಂಬಿ, ನನ್ನ ತಂಗಿಯ ಮಗಳು ಭಾಗಮ್ಮನ ಕೈಗೂ ಅಂಥದೇ ಒಂದು ಬಂದಾಗ ಏನಾಯಿತು ಎಂಬುದನ್ನು ಹೇಳುತ್ತೇನೆ, ಕೇಳು.

ಮೊದಲು ನಾವು ಎಲ್ಲಿದ್ದೇವೆ ಎಂದು ತಿಳಿ. ನಿನ್ನ ಕಾಲದಲ್ಲಿ ಹಾಸುಗಲ್ಲು ತೆಗೆಯುತ್ತಿದ್ದ ಗಣಿಗಳಿವೆಯಲ್ಲ, ಅವು ಬರಿದಾಗಿ ಪಾಳುಬಿದ್ದ ಮೇಲೆ ಬಿಸಿಲಿಗೆ ಬೆದರಿದ ಜನ ಅವುಗಳೊಳಗೆ ಇಳಿದರು. ಇಳಿದವರ ಮೊಮ್ಮಕ್ಕಳು ನಾವು. ಗಣಿಯ ಬಾಯಿಗೆ ಗೋಣಿತಾಟು ಹೊಲಿದು ಕಟ್ಟಿದ್ದೇವೆ, ಬೆಳಗಿಗೊಮ್ಮೆ ಅದನ್ನು ತೋಯಿಸುವುದು ಮನೆಗೊಬ್ಬರ ಪಾಳಿ. ಕುಣಿ ತೋಡಿ, ಅದರ ತಳದಲ್ಲಿ ಜೋಳ ಬೆಳೆಯುತ್ತೇವೆ. ಮೀಯುವುದು ವಾರಕ್ಕೊಮ್ಮೆ, ಉಳಿದ ದಿನ ನುಣ್ಣನೆಯ ಸುಣ್ಣಗಲ್ಲಿನ ಪುಡಿ ಹಚ್ಚಿ ಒರೆಸಿಕೊಳ್ಳುವುದು. ಅದೇ ಪುಡಿ ನಮ್ಮ ಕಂಪನಿಯ ಬಿಳಿ ಬಣ್ಣ, ಇಟ್ಟಿಗೆಯ ಪುಡಿ ಕೆಂಪು. ಕಲ್ಲು ಕೊಯ್ದ ಹಂತಗಳೇ ಗ್ಯಾಲರಿ. ಆಟ ನಡೆಯುವುದು ನಸುಕಿನಲ್ಲಿ, ಕಲ್ಲು ತಣ್ಣಗಿರುವ ಹೊತ್ತಿನಲ್ಲಿ. ಗಣಿಯೊಳಗೆ ಆಡಿದ ಮಾತು ಎದುರಿನ ಗೋಡೆಗೆ ಬಡಿದು ವಾಪಸು ಬರುತ್ತದೆ, ಅದು ಬಂದು ಇಳಿಯುವ ತನಕ ಮುಂದಿನ ಮಾತು ಎತ್ತುವಂತಿಲ್ಲ. ಹೀಗಾಗಿ ನಮ್ಮವರು ಮನೆಯಲ್ಲಿ ಉಪ್ಪು ಕೇಳುವಾಗಲೂ ನಿಂತು ನಿಂತು ಮಾತಾಡುತ್ತಾರೆ. ತಂಪುನಾಡಿನವರು, ಎಂದರೆ ಎತ್ತರದ ಬೆಟ್ಟಗಳ ಮೇಲೆ ನೆಲೆ ನಿಂತ ಸ್ಥಿತಿವಂತರು, ಇದನ್ನು ಕೇಳಿ ನಮ್ಮನ್ನು ಮಂದಬುದ್ಧಿಯವರು ಎಂದುಕೊಳ್ಳುತ್ತಾರೆ.

ತಂಪುನಾಡಿನಲ್ಲಿ ಆಳುವವರು ನೆರಳುದಾರರು. ನಿನ್ನ ಕಾಲದಲ್ಲಿ ಹೊಲಕ್ಕೆ ಒಡೆಯರಿದ್ದಂತೆ ಈಗ ನೆರಳಿಗೆ ಒಡೆಯರಿದ್ದಾರೆ. ಆಕಾಶಕ್ಕೆ ಚಪ್ಪರ ಹಾಕಿದವರು ಅವರು, ಅದರ ಕೆಳಗೆ ನಿಲ್ಲಬೇಕಾದರೆ ಅವರ ಅಪ್ಪಣೆ ಬೇಕು. ಈ ನೆರಳುದಾರರಿಗೆ ಬಹಳ ವರ್ಷಗಳಿಂದ ನಮ್ಮ ಗಣಿಯ ಮೇಲೆ ಕಣ್ಣು. ನಮ್ಮನ್ನು ಎಬ್ಬಿಸಿ, ಇದರೊಳಗೆ ನೀರು ತುಂಬಿ, ಅದನ್ನು ಬೆಟ್ಟಕ್ಕೆ ಏರಿಸಬೇಕೆಂಬುದು ಅವರ ಎಣಿಕೆ. ತಡೆಯಲು ಇರುವುದು ನ್ಯಾಯಮಂಟಪ ಒಂದೇ. ಅಲ್ಲಿ ಒಂದು ಊರಿನ ಅಹವಾಲು ಸರಿಯಾಗಿ ನಡೆಯಬೇಕಾದರೆ ಆ ಊರಲ್ಲೇ ಹುಟ್ಟಿ ಕಾನೂನು ಓದಿದ ವಕೀಲರೊಬ್ಬರು ಬೇಕು. ಅಂಥವರಿಗೆ ಊರಬಾಯಿ ಎಂದು ಹೆಸರು. ಊರಬಾಯಿ ಇಲ್ಲದ ಊರಿಗೆ ಮಂಟಪದವರೇ ಆ ದಿನದ ಮಟ್ಟಿಗೆ ಯಾರನ್ನಾದರೂ ಹಿಡಿದು ನಿಲ್ಲಿಸುತ್ತಾರೆ. ನಮ್ಮ ಗಣಿಯಲ್ಲಿ ನೂರು ವರ್ಷದಲ್ಲಿ ಒಬ್ಬ ಊರಬಾಯಿಯೂ ಹುಟ್ಟಿರಲಿಲ್ಲ. ಹುಟ್ಟುವ ಲಕ್ಷಣ ಕಂಡದ್ದು ಭಾಗಮ್ಮನಲ್ಲಿ.

ಏನು ಹುಡುಗಿ ಯವ್ವಾ ಅದು! ಮಂತ್ರಿಯ ಪಾತ್ರ ಮಾಡಿದರೆ ರಾಜನ ಪಾತ್ರದವನು ತನ್ನ ಮಾತು ಮರೆತು ಅವಳ ಬಾಯಿ ನೋಡುತ್ತ ನಿಲ್ಲುತ್ತಿದ್ದ. ದೂರಪಾಠದಲ್ಲಿ ಡಿಗ್ರಿ ಓದುತ್ತಲೇ ಬೆಟ್ಟದ ಮೇಲಿನ ಕಾನೂನು ಪೀಠದ ಪ್ರವೇಶ ಪರೀಕ್ಷೆ ಬರೆದಳು, ಮೌಖಿಕಕ್ಕೂ ಹೋಗಿ ಬಂದಳು. ಪ್ರತಿ ಮಾತಿಗೂ ನಮ್ಮ ಗಣಿಯ ರೂಢಿಯಂತೆ ನಿಂತು, ಇಲ್ಲದ ಮಾರ್ದನಿಗೆ ಕಾದು, ಮುಂದಿನದನ್ನು ಆಡಿದಳಂತೆ. ಕೇಳಿದವರು ಇಷ್ಟು ತೂಕದ ಹುಡುಗಿಯನ್ನು ಕಂಡಿಲ್ಲ ಎಂದು ಬೆರಗಾದರಂತೆ. ಮಳೆ ಬಿದ್ದ ಮೇಲೆ ಆಯ್ಕೆಯಾದವರ ಸಾರ್ವಜನಿಕ ಪಟ್ಟಿ ಬರುವುದಿತ್ತು. ಅದರಲ್ಲಿ ಹೆಸರಿದ್ದರೆ ಅರ್ಧ ಸಹಾಯ ಸಿಗುತ್ತಿತ್ತು, ಯಾವ ಕಟ್ಟುಪಾಡೂ ಇರುತ್ತಿರಲಿಲ್ಲ. ಉಳಿದರ್ಧಕ್ಕೆ ಗಣಿಯವರೆಲ್ಲ ಜೋಳ ಹಾಕುವುದೆಂದು ಮಾತಾಗಿತ್ತು.

ಇನ್ನು ನಮ್ಮ ಕಂಪನಿಯ ಒಂದು ರಿವಾಜು ಹೇಳಬೇಕು. ಒಡೆಯ ಪಾತ್ರ ಕೊಡುವಾಗ ವೀಳ್ಯ ಚಾಚುತ್ತಾನೆ. ಎಲೆಬಳ್ಳಿ ಸತ್ತು ಯಾವ ಕಾಲವಾಯಿತೋ, ನಮ್ಮದು ಹಸಿರು ಬಳಿದ ತಗಡಿನ ಎಲೆ. ಅದನ್ನು ಎರಡೂ ಕೈಯಲ್ಲಿ ತೆಗೆದುಕೊಳ್ಳಬೇಕು. ತೆಗೆದುಕೊಳ್ಳುವ ಮೊದಲು ಯಾವ ಪಾತ್ರ ಎಂದು ಕೇಳುವುದು ಕೊಟ್ಟವನ ಮುಖಕ್ಕೆ ಉಗುಳಿದಂತೆ. ತೆಗೆದುಕೊಂಡ ಮೇಲೆ ಹಿಂದಿರುಗಿಸಿದವನು ನಮ್ಮ ಇತಿಹಾಸದಲ್ಲೇ ಇಲ್ಲ. ಭಾಗಮ್ಮನ ಅಜ್ಜ, ಎಂದರೆ ಅವಳ ಅಪ್ಪನ ಅಪ್ಪ, ಕಂಪನಿಯ ಒಡೆಯ ಅಂಬಾರಾಯ ಮುತ್ಯಾ, ಹರೆಯದಲ್ಲೊಮ್ಮೆ ಜ್ವರದಿಂದ ನಡುಗುತ್ತ ವೀಳ್ಯ ಹಿಡಿದಿದ್ದನಂತೆ. ಹಿಡಿದ ಮೇಲೆ ಗೊತ್ತಾಯಿತು, ಸಿಕ್ಕಿದ್ದು ಹೆಣದ ಪಾತ್ರ. ಒಂದಿಡೀ ಅಂಕ ಅಲುಗಾಡದೆ ಮಲಗಿದ್ದನ್ನು ಇಂದಿಗೂ ಹೇಳಿಕೊಂಡು ಎದೆ ಉಬ್ಬಿಸುತ್ತಾನೆ. ಆ ವೀರಾವೇಶ ಕೇಳಿ ಬೆಳೆದ ಮಕ್ಕಳು ನಾವು.

ಕಾನೂನು ಪೀಠದ ಪ್ರತಿನಿಧಿ ವಿಮಲಾಕ್ಷಿ ಎಂಬ ಹೆಂಗಸು ಗಣಿಗೆ ಇಳಿದು ಬಂದದ್ದು ಆಟ ನಡೆಯುತ್ತಿದ್ದಾಗ. ಭಾಗಮ್ಮನಿಗೆ ಮುಂಗಡ ವಿದ್ಯಾರ್ಥಿವೇತನ ತಂದಿದ್ದೇನೆ ಎಂದು ಆಕೆ ಮೆಲ್ಲಗೆ ಹೇಳಿದ್ದೇ ತಡ, ಮುತ್ಯಾ ನಾಟಕ ನಿಲ್ಲಿಸಿದ. ಆಕೆಯ ಕೈ ಹಿಡಿದು ರಂಗಕ್ಕೆ ಕರೆತಂದ. ತಗಡಿನ ವೀಳ್ಯವನ್ನು ಆಕೆಯ ಕೈಗಿತ್ತು, ಗಣಿಯೆಲ್ಲ ಗುಡುಗುವಂತೆ ಕೂಗಿದ, "ಕೇಳ್ರೆಪೋ ಕೇಳ್ರಿ! ಬೆಟ್ಟದವರು ನಮ್ಮ ಕೂಸಿಗಿ ವೀಳ್ಯ ತಂದಾರ!" ಆ ಹೆಂಗಸು ಗಾಬರಿಯಾದಳು. "ಈಗಲೇ ಹೇಳಬೇಕಾಗಿಲ್ಲ ಹಿರಿಯರೇ, ಷರತ್ತುಗಳಿವೆ, ಯೋಚನೆಗೆ ಮೂರು ದಿನ ಕೊಡುತ್ತೇವೆ" ಎಂದಳು. ಮುತ್ಯಾ ನಕ್ಕ. "ನಮ್ಮ ಕಂಪನ್ಯಾಗ ವೀಳ್ಯಕ್ಕ ಮೂರ್ ದಿನ ಹಿಡ್ಯಾಂಗಿಲ್ಲರಿ ತಾಯಿ" ಎಂದ. ಗ್ಯಾಲರಿಯಿಂದ "ತಗೋ ಭಾಗವ್ವ, ತಗೋ!" ಎಂಬ ಕೂಗು ಎದ್ದಿತು. ಮಂತ್ರಿಯ ಪೇಟದಲ್ಲಿ ನಿಂತಿದ್ದ ಭಾಗಮ್ಮ ಏನೋ ಕೇಳಲು ಬಾಯಿ ತೆರೆದಳು. ಅಜ್ಜನ ಮುಖ ನೋಡಿದಳು. ಬಾಯಿ ಮುಚ್ಚಿ, ಎರಡೂ ಕೈ ಚಾಚಿದಳು.

ಆಮೇಲೆ ವಿಮಲಾಕ್ಷಿ ಷರತ್ತು ಓದಿದಳು. ಈ ವೇತನದ ದಾನಿಗಳು ನೆರಳುದಾರರು. ಪಡೆದವರು ಬದುಕಿರುವ ತನಕ ಯಾವ ನ್ಯಾಯಮಂಟಪದಲ್ಲೂ ದಾನಿಗಳ ವಿರುದ್ಧ ಮಾತಾಡುವಂತಿಲ್ಲ. ಎದುರಿನ ಗೋಡೆ ಆ ಮಾತನ್ನು ಇನ್ನೊಮ್ಮೆ ಓದಿ ನಮಗೆ ಕೊಟ್ಟಿತು. ಆ ಹೆಂಗಸಿನದು ತಪ್ಪಿಲ್ಲ. ಹೊರಡುವಾಗಲೂ, ಮೂರು ದಿನದೊಳಗೆ ಹೇಳಿ ಕಳಿಸಿದರೆ ರದ್ದು ಮಾಡುತ್ತೇನೆ ಎಂದು ಭಾಗಮ್ಮನ ಭುಜ ಮುಟ್ಟಿ ಹೇಳಿ ಹೋದಳು.

ಆ ಮೂರು ದಿನ ಗಣಿಯಲ್ಲಿ ಬೇರೆ ಮಾತಿಲ್ಲ. ಹಿಂದಿರುಗಿಸು, ಮಳೆಯ ತನಕ ತಡೆ, ಪಟ್ಟಿ ಬರಲಿ ಎಂದು ನಾನು ಸಭೆಯಲ್ಲಿ ಎದ್ದು ನಿಂತು ಹೇಳಿದೆ. "ನೀ ಸುಮ್ಕ ಕೂಡೋ ರೇವಣ್ಯಾ, ಹೋದ ವಾರನೇ ರಾಜಗ ಹಿಂಗೇ ಬುದ್ಧಿ ಹೇಳಿ ರಾಜ್ಯಾನೇ ಮುಳುಗಿಸಿದಿ" ಎಂದು ಒಬ್ಬಳು ಕೂಗಿದಳು, ಎಲ್ಲರೂ ನಕ್ಕರು. ನಗೆಯ ಮಾತಲ್ಲ ಯವ್ವಾ, ಖರೇ ಹೇಳುತ್ತೇನೆ. ನಲವತ್ತು ವರ್ಷ ಖಳನ ಪಾತ್ರ ಮಾಡಿದವನು ಒಳ್ಳೆಯದು ಹೇಳಿದರೆ ನಮ್ಮ ಜನಕ್ಕೆ ಅದರ ಹಿಂದೆ ವಿಷದ ಬಟ್ಟಲು ಕಾಣಿಸುತ್ತದೆ. ನನ್ನ ತಂಗಿ ಶರಣವ್ವ ಕಲ್ಲಿನ ಮೇಲೆ ಕೂತು ಮಗಳ ತಲೆ ಬಾಚುತ್ತ, "ಊರಬಾಯಿ ಗೀರಬಾಯಿ ನಂಗ ಗೊತ್ತಿಲ್ಲ. ಎಲ್ಲ್ಯಾರ ತಣ್ಣಗ ಇರು ಹೋಗು, ನೀ ಒಬ್ಬಾಕಿ ಉಳದ್ರ ಸಾಕು" ಎಂದಳು. ಮುತ್ಯಾ ವೀಳ್ಯ ವಾಪಸು ಹೋದರೆ ತಾನು ಇನ್ನು ರಂಗ ಹತ್ತುವುದಿಲ್ಲ ಎಂದಷ್ಟೇ ಹೇಳಿ ಗೋಡೆಗೆ ಮುಖ ಮಾಡಿ ಮಲಗಿದ. ಮೂರನೆಯ ದಿನ ಭಾಗಮ್ಮ ನನ್ನ ಬಳಿ ಬಂದಳು. "ಮಾಮಾ, ಮುತ್ಯಾ ಉಂಡಿಲ್ಲ. ನಾ ಹೋಗ್ತೀನಿ. ಕಾನೂನೇ ಓದ್ಲಾಕ ಹೊಂಟೀನಲ್ಲ, ಇದ್ರಾಗಿಂದ ಹೊರಗ ಬರೋ ದಾರಿನೂ ಅಲ್ಲೇ ಕಲೀತೀನಿ" ಎಂದಳು. ಹೋದಳು.

ದಾರಿ ಇರಲಿಲ್ಲ. ಅಲ್ಲಿ ಓದಿದಷ್ಟೂ ಅವಳಿಗೆ ಸ್ಪಷ್ಟವಾದದ್ದು ಅದೊಂದೇ. ಮಳೆ ಬಿದ್ದು ಪಟ್ಟಿ ಬಂತು. ಮೊದಲೇ ಒಪ್ಪಿದವರ ಹೆಸರನ್ನು ತೆಗೆದು ಪ್ರಕಟಿಸುತ್ತಾರಾದ್ದರಿಂದ, ಕಾದಿದ್ದರೆ ಅವಳ ಹೆಸರು ಅದರಲ್ಲಿ ಇರುತ್ತಿತ್ತೋ ಇಲ್ಲವೋ ಯಾರಿಗೂ ತಿಳಿಯಲಿಲ್ಲ. ಕೆಲವು ವರ್ಷಗಳಾದ ಮೇಲೆ ನಮ್ಮ ಗಣಿಯ ತೆರವಿನ ದಾವೆ ಮಂಟಪಕ್ಕೆ ಬಂತು. ಷರತ್ತಿನಿಂದ ಬಿಡುಗಡೆ ಬೇಕೆಂದು ಭಾಗಮ್ಮ ಮಾಡಿಕೊಂಡ ಮನವಿ ವಜಾ ಆಯಿತು. ನಮ್ಮ ಪರವಾಗಿ ನಿಂತವನು ಆ ಬೆಳಗ್ಗೆಯೇ ಗೊತ್ತುಮಾಡಿದ ಯಾರೋ ಒಬ್ಬ, ನೆಗಡಿಯಾಗಿತ್ತು ಪಾಪ. ಗಣಿಯಲ್ಲಿ ಕಾಯಂ ವಾಸವಿದೆಯೇ ಎಂದು ನ್ಯಾಯಾಧೀಶರು ಕೇಳಿದರೆ, ಋತುಮಾನಕ್ಕೆ ಬಂದು ಹೋಗುತ್ತಾರೆಂದು ಕೇಳಿದ್ದೇನೆ ಎಂದುಬಿಟ್ಟ! ನೂರು ವರ್ಷದ ಒಲೆಗಳು, ತೊಟ್ಟಿಲುಗಳು, ಸಮಾಧಿಗಳು ಒಂದು ಸೀನಿನ ನಡುವೆ ಹಾರಿಹೋದವು. ಹಿಂದಿನ ಸಾಲಿನಲ್ಲಿ ಕರಿಯ ನಿಲುವಂಗಿ ತೊಟ್ಟ ಭಾಗಮ್ಮ ಮುಷ್ಟಿಯನ್ನು ಬಾಯಿಗೆ ಒತ್ತಿಕೊಂಡು ಕೂತಿದ್ದಳು. ಗಣಿಯ ಒಂದೊಂದು ಹಂತವೂ ಅವಳಿಗೆ ಕಂಠಪಾಠ. ಮುತ್ಯಾ ತಡೆಯಲಾರದೆ ಎದ್ದ. "ಆಕಿ ನಮ್ಮಾಕಿ! ಆಕಿಗಿ ಮಾತಾಡ್ಲಾಕ ಬಿಡ್ರಿ!" ಎಂದು ಕೂಗಿದ. ಸುಗಲಾ, ಆ ಮಂಟಪದ ಗೋಡೆಗಳಿಗೆಲ್ಲ ದಪ್ಪ ಬಟ್ಟೆ ಹೊದಿಸಿದ್ದಾರೆ. ಒಂದಿಡೀ ಗಣಿಯನ್ನು ನಡುಗಿಸುತ್ತಿದ್ದ ಕಂಠ ಆ ಬಟ್ಟೆಯಲ್ಲಿ ಹೂತುಹೋಯಿತು. ಮಾರ್ದನಿಗೆಂದು ಅಭ್ಯಾಸಬಲದಿಂದ ಕಾದು ನಿಂತ ಮುದುಕನನ್ನು ಪೇದೆಯೊಬ್ಬ ಕೂರಿಸಿದ.

ಉರಿಮಾಸದ ಹತ್ತರೊಳಗೆ ಗಣಿ ಖಾಲಿಯಾಗಬೇಕೆಂದು ಆಜ್ಞೆ. ಮಳೆಗಾಲದ ತನಕ ಸಮಯ ಕೇಳಬಹುದಿತ್ತಂತೆ, ನಮ್ಮ ಪರ ನಿಂತವನು ಕೇಳಲಿಲ್ಲ. ನಿನ್ನೆ ಬೆಟ್ಟದಿಂದ ಒಬ್ಬ ಬಂದ. ಭಾಗಮ್ಮ ಅದು ಹೇಗೋ ದುಡಿದು, ಬೇಡಿ, ತಾಯಿಗೆ, ಮುತ್ಯಾನಿಗೆ, ನನಗೆ ಮೂರು ನೆರಳುಚೀಟಿ ಕಳಿಸಿದ್ದಳು. ಚೀಟಿ ಇದ್ದವರು ಚಪ್ಪರದ ಕೆಳಗೆ ಸಾಯುವ ತನಕ ಇರಬಹುದು. ಶರಣವ್ವ ಕೈ ಚಾಚಿ ತೆಗೆದುಕೊಂಡಳು, ಕಣ್ಣಿಗೆ ಒತ್ತಿಕೊಂಡಳು. ಅವಳನ್ನು ನಾನು ದೂರುವುದಿಲ್ಲ, ಅವಳ ಮಗಳು ಅಲ್ಲಿದ್ದಾಳೆ. ಬಂದವನು ಮುತ್ಯಾನ ಮುಂದೆ ಚೀಟಿ ಹಿಡಿದ. ಮುತ್ಯಾನ ಕೈ ತೊಡೆಯ ಮೇಲಿಂದ ಏಳಲಿಲ್ಲ. "ತಮ್ಮಾ, ಮೊದ್ಲ ಹೇಳು. ಇದು ಹಿಡದ್ರ ನಾ ಏನ್ ಬಿಡಬೇಕಾತದ?" ಎಂದ. ಸುತ್ತ ಕೂತ ಹಳೆಯ ನಟರು ಕೇಳಬಾರದ್ದನ್ನು ಕೇಳಿದವರಂತೆ ತಲೆ ತಗ್ಗಿಸಿದರು. ನೆರಳುದಾರರ ಮೇಲೆ ಯಾರ ಮುಂದೆಯೂ ದೂರು ಹೇಳುವಂತಿಲ್ಲ ಅಜ್ಜಾ, ನಾಟಕದಲ್ಲಿಯೂ ಹೇಳುವಂತಿಲ್ಲ ಎಂದ ಬಂದವನು. "ಹಂಗಾದ್ರ ಬ್ಯಾಡಪ್ಪ" ಎಂದ ಮುತ್ಯಾ, ಅವನಿಗೆ ಕುಡಿಯಲು ನೀರು ಕೊಡಲು ಹೇಳಿದ. ನನ್ನದನ್ನೂ ನಾನು ತೆಗೆದುಕೊಳ್ಳಲಿಲ್ಲ.

ಯವ್ವಾ, ಬೇಡ ಅನ್ನು ಎಂದು ನಿನಗೆ ಬರೆಯುತ್ತಿಲ್ಲ. ಓದುವ ಹುಡುಗಿಗೆ ಅನ್ನವೂ ಪುಸ್ತಕವೂ ಸಿಗುವುದಾದರೆ ಅದರಲ್ಲಿ ಕೆಡುಕೇನು? ನಿನ್ನ ಪತ್ರದಲ್ಲಿ ಯಾವ ಷರತ್ತೂ ಇಲ್ಲದಿರಬಹುದು, ಇದ್ದರೂ ಬಾಳಬಹುದಾದ ಷರತ್ತಿರಬಹುದು. ನನ್ನದು ಒಂದೇ ಬೇಡಿಕೆ. ಕೇಳು. ಕೊಡುವವರು ಯಾರು, ಓದು ಮುಗಿದ ಮೇಲೆ ಯಾರ ಪರವಾಗಿ ನಾನು ನಿಲ್ಲುವಂತಿಲ್ಲ, ಕಾಯ್ದರೆ ಏನು ಕಳೆದುಕೊಳ್ಳುತ್ತೇನೆ ಎಂದು ಕೇಳು. ಪೇಟಿ ಬಾರಿಸುವವನ ಮಗಳಿಗೆ ಇಷ್ಟೊಂದು ಪ್ರಶ್ನೆಯೇ ಎಂದು ಯಾರಾದರೂ ನಗಬಹುದು, ನಗಲಿ. ನಿಮ್ಮಪ್ಪ ಖುಷಿಯಲ್ಲಿ ಬೀದಿಗೆಲ್ಲ ಪೇಢೆ ಹಂಚಿಬಿಟ್ಟಿರಬಹುದು, ಹಂಚಲಿ. ತಿಂದವರಿಗೆ ನೀನು ಉತ್ತರ ಕೊಡಬೇಕಾಗಿಲ್ಲ. ಉತ್ತರ ಸಿಗುವ ತನಕ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ನಿಲ್ಲು. ಆಮೇಲೆ ಹೂಂ ಅನ್ನುವುದಾದರೆ ತುಂಬು ಕಂಠದಲ್ಲಿ ಅನ್ನು, ನಾನೇ ಇಲ್ಲಿಂದ ಚಪ್ಪಾಳೆ ತಟ್ಟುತ್ತೇನೆ.

ಇನ್ನು ನಿಲ್ಲಿಸಬೇಕು. ಗೋಣಿತಾಟನ್ನು ಇವತ್ತು ಯಾರೂ ತೋಯಿಸಿಲ್ಲ, ಬಿಸಿಲು ಒಳಗೆ ಇಳಿಯುತ್ತಿದೆ. ಎಲ್ಲಿಗೆ ಹೋಗುವುದು ಎಂದು ಮುತ್ಯಾನನ್ನು ಕೇಳಿದೆ, ಗೊತ್ತಿಲ್ಲ ಎಂದ. ಮೇಲೆ ಹೋಗಲು ಮೆಟ್ಟಿಲು ಬಹಳ ಇವೆ, ಅವನ ಮೊಣಕಾಲು ಸರಿಯಿಲ್ಲ, ಹೊತ್ತು ಏರುವ ಮೊದಲು ಹತ್ತಿಸಬೇಕು.

ಹೋಗಿ ಬರುತ್ತೇನೆ.