ಫರ್ಸಿಯ ಇನ್ನೊಂದು ತುದಿ

ಕಾರ್ಮಿಕರ ಹಿತ ಕಾಯಲೆಂದೇ ಸರ್ಕಾರ ಕುರ್ಚಿ ಕೊಟ್ಟು ಕೂರಿಸಿರುವ ಮಾನ್ಯ ಅಧಿಕಾರಿಗಳೇ,

ನಾನು ಕೆಲಸವನ್ನೇ ಮಾಡಿಲ್ಲವೆಂದು ನಿಮ್ಮ ಕಚೇರಿ ತೀರ್ಮಾನಿಸಿದೆ. ಶಹಾಬಾದಿನ ಹತ್ತಿರದ ಒಂದು ಕಲ್ಲಿನ ಅಂಗಳದಲ್ಲಿ ಕಟಿಂಗ್ ಮಷೀನು ನನ್ನ ಎಡಗೈಯ ನಾಲ್ಕು ಬೆರಳುಗಳನ್ನು ತೆಗೆದುಕೊಂಡಿತು. ಪರಿಹಾರ ಕೇಳಿ ಅರ್ಜಿ ಹಾಕಿದೆ. "ಅರ್ಜಿದಾರರು ಸದರಿ ಸ್ಥಳದಲ್ಲಿ ಕಾರ್ಮಿಕರಾಗಿರಲಿಲ್ಲ, ಪತಿಗೆ ಊಟ ತಂದಿದ್ದ ವೇಳೆ ಅವಘಡ ಸಂಭವಿಸಿರುತ್ತದೆ" ಎಂದು ನಿಮ್ಮ ಹಿಂಬರಹ ಬಂತು. ಓದಿದೆ. ಸಿಟ್ಟು ಬರಬೇಕಿತ್ತು, ಬರಲಿಲ್ಲ. ಒಲೆಯ ಮೇಲೆ ಬೇಳೆ ಕುದಿಯುತ್ತಿತ್ತು, ಹೋಗಿ ಇಳಿಸಿದೆ. ಬಲಗೈ ಇನ್ನೂ ಇರುವುದರಿಂದ ಇದನ್ನು ಬರೆಯುತ್ತಿದ್ದೇನೆ.

ನಮ್ಮ ಕಡೆಯ ರೂಢಿ ನಿಮಗೆ ಗೊತ್ತಿಲ್ಲವೆಂದುಕೊಂಡು ಹೇಳುತ್ತೇನೆ; ಗೊತ್ತಿದೆ ಎಂದುಕೊಳ್ಳುವುದು ಮರ್ಯಾದೆಯಲ್ಲ. ಇಲ್ಲಿ ಕಲ್ಲಿನ ಕೆಲಸಕ್ಕೆ ಆಳನ್ನು ಕರೆಯುವುದಿಲ್ಲ, ಜೋಡಿಯನ್ನು ಕರೆಯುತ್ತಾರೆ. ಗಂಡ ಹೆಂಡತಿ ಸೇರಿ ಒಂದು ಜೋಡಿ, ಜೋಡಿಗೆ ಒಂದೇ ಹೆಸರು, ಅದು ಗಂಡನದು. ಪಗಾರವೂ ಅವನ ಕೈಗೇ. ನಾನು ಮದುವೆಯಾಗಿ ಭಂಕೂರಿಗೆ ಬಂದ ಹೊಸತರಲ್ಲೇ ಅತ್ತೆ ಒಂದು ಹಳೆಯ ಸೀರೆ ಕೈಗಿಟ್ಟು, "ನನ್ನ ಸೊಂಟ ಹೋಯ್ತವ್ವಾ, ನಾಳಿಂದ ಅಣವೀರನ ಜೋಡಿ ನೀನೇ ಹೋಗು" ಎಂದರು. ಅತ್ತೆಯ ಸೊಂಟವೂ ಯಾವ ಕಚೇರಿಯಲ್ಲೂ ದಾಖಲಾಗಿಲ್ಲ. ಅಂದಿನಿಂದ ನನ್ನ ಗಂಡ ಫರ್ಸಿಯ, ಅಂದರೆ ಹಾಸುಗಲ್ಲಿನ, ಒಂದು ತುದಿ ಹಿಡಿದು ಬ್ಲೇಡಿನತ್ತ ನೂಕುತ್ತಿದ್ದರು, ಆಚೆ ಬದಿಯಲ್ಲಿ ನಿಂತು ನಾನು ಇನ್ನೊಂದು ತುದಿ ಹಿಡಿದು ಎಳೆದುಕೊಳ್ಳುತ್ತಿದ್ದೆ. ಮದುವೆಯಲ್ಲಿ ಕಟ್ಟಿದ ಬಾಸಿಂಗಕ್ಕಿಂತ ಹೆಚ್ಚಾಗಿ ನಮ್ಮಿಬ್ಬರನ್ನು ಕಟ್ಟಿಹಾಕಿದ್ದು ಆ ಕಲ್ಲು.

ಇನ್ನು ಊಟದ ವಿಷಯ. ನೀವು ತಪಾಸಣೆಗೆ ಬರುವ ಸುದ್ದಿ ನಮ್ಮ ಅಂಗಳಕ್ಕೆ ನಿಮಗಿಂತ ಮೊದಲೇ ಬಂದಿರುತ್ತಿತ್ತು. ರಾವೂರ ಕಡೆಯಿಂದ ಯಾರೋ ನಮ್ಮ ಮೇಲೆ ಉಸ್ತುವಾರಿ ಮಾಡುವ ಮುಕಾದಮ ಮುಜೀಬರಿಗೆ ಫೋನು ಮಾಡುತ್ತಿದ್ದರು. ಅವರು ಮಷೀನುಗಳ ನಡುವೆ ಓಡಾಡುತ್ತ ಕೂಗುತ್ತಿದ್ದರು: "ಸಾಹೇಬರ ಜೀಪ್ ಬರ್ಲಿಕತ್ತದ! ಹೆಣ್ಮಕ್ಕಳೆಲ್ಲಾ ಬೇವಿನ ಗಿಡದ ಕೆಳಗ ಕುಂದ್ರಿ, ಬುತ್ತಿ ಬಿಚ್ಚ್ರಿ!" ಹೆಂಗಸರು ಮಷೀನಿನ ಹತ್ತಿರ ಕಂಡರೆ ಅಂಗಳಕ್ಕೇ ಬೀಗ ಬೀಳುತ್ತದೆ, ಗಂಡಂದಿರ ಕೆಲಸವೂ ಹೋಗುತ್ತದೆ ಎಂದು ನಮಗೆ ಹೇಳಿದ್ದರು. ನಾವು ನಂಬಿದೆವು. ಹಾಗೇನಿಲ್ಲ ಎಂದು ಹೇಳಲು ನಿಮ್ಮ ಕಡೆಯವರು ಯಾರೂ ಬರಲಿಲ್ಲ. ನಿಜ ಹೇಳಬೇಕೆಂದರೆ ನಮಗದು ಖುಷಿಯೇ. "ಸಾಹೇಬ್ರು ದಿನಾ ಬರಬೇಕಲ್ಲೇ ಜಯಮಾಲಾ, ಸೊಂಟಕ್ಕ ಭಾಳ ಆರಾಮ ಸಿಗ್ತದ" ಎಂದು ಪಕ್ಕದ ಮಷೀನಿನ ಮಾಶಾಬಿ ನಗುತ್ತಿದ್ದಳು. ನಾವೂ ನಗುತ್ತಿದ್ದೆವು.

ಹಾಗೆ ನಗುತ್ತಿದ್ದಾಗಲೇ ಒಮ್ಮೆ ನೀವು ಗಿಡದ ಹತ್ತಿರ ಬಂದು, "ಏನ್ರವ್ವಾ, ಇಲ್ಲೇನು ಮಾಡ್ಲಿಕತ್ತೀರಿ?" ಎಂದು ಕೇಳಿದಿರಿ. "ಬುತ್ತಿ ತಂದೀವ್ರಿ ಸಾಹೇಬ್ರ" ಎಂದವಳು ನಾನೇ. ನೀವು ಫೋಟೊ ತೆಗೆದಿರಿ. ಅದರಲ್ಲಿ ಐದು ಬೆರಳೂ ಇರುವ ನನ್ನ ಎಡಗೈಯಲ್ಲಿ ರೊಟ್ಟಿ ಇದೆ. ನಾನು ಕಾರ್ಮಿಕಳಲ್ಲ ಎನ್ನಲು ನಿಮ್ಮ ಕಡತದಲ್ಲಿರುವ ಪುರಾವೆ ಅದೇ. ಮಾನ್ಯರೇ, ಆ ಫೋಟೊವನ್ನು ಇನ್ನೊಮ್ಮೆ ನೋಡಿ. ಮನೆಯಿಂದ ರೊಟ್ಟಿ ತರುವ ಹೆಂಗಸರು ಮೊಣಕೈವರೆಗೆ ಕಲ್ಲಿನ ಕೆಸರು ಮೆತ್ತಿಕೊಂಡು ಬರುತ್ತಾರೆಯೇ? ಬೆಳಗ್ಗೆ ಹತ್ತಕ್ಕೆಲ್ಲ ಇಡೀ ಅಂಗಳಕ್ಕೆ ಊಟದ ಹೊತ್ತಾಗುತ್ತದೆಯೇ? ಅಷ್ಟೊಂದು ಪತಿವ್ರತೆಯರು ಒಂದೇ ಗಿಡದ ಕೆಳಗೆ ಸೇರಿದ್ದನ್ನು ಕಂಡು ನಿಮಗೆ ಒಂದಿಷ್ಟಾದರೂ ಸೋಜಿಗವಾಗಲಿಲ್ಲವೇ?

ಬೆರಳು ಹೋದ ದಿನ ಫರ್ಸಿಯೊಳಗೆ ಕಣ್ಣಿಗೆ ಕಾಣದ ಬಿರುಕಿತ್ತು. ಅರ್ಧ ಕೊಯ್ಯುವಷ್ಟರಲ್ಲಿ ಕಲ್ಲು ಒಡೆಯಿತು, ತುಂಡಿನ ಜೊತೆ ನನ್ನ ಕೈ ಬ್ಲೇಡಿಗೆ ಹೋಯಿತು. ಮುಜೀಬರು ತಮ್ಮ ಹೆಗಲ ಮೇಲಿನ ಟವಲು ಸುತ್ತಿದರು. ಕಲಬುರಗಿಯ ಆಸ್ಪತ್ರೆಯಲ್ಲಿ "ಇವರು ಏನು ಕೆಲಸ ಮಾಡ್ತಾರೆ?" ಎಂದು ಕೇಳಿದಾಗ ನನ್ನ ಗಂಡ, "ಮನ್ಯಾಗೇ ಇರ್ತಾಳ್ರಿ" ಎಂದರು. ಅವರ ಅಂಗಿಯ ಮೇಲೆ ನನ್ನ ರಕ್ತವಿತ್ತು. ರೂಢಿ ಅಷ್ಟು ಗಟ್ಟಿ. ಆಗಲೂ ನನಗೆ ಏನೂ ಅನ್ನಿಸಲಿಲ್ಲ.

ಆಮೇಲೆ ಕಚೇರಿಗಳು. ಕಲ್ಲೆಂದರೆ ಗಣಿಯವರನ್ನು ಕೇಳಿ ಎಂದರು. ಮಷೀನೆಂದರೆ ಕಾರ್ಖಾನೆಯವರ ಹತ್ತಿರ ಹೋಗಿ ಎಂದರು. ಅಲ್ಲಿಯವರು, ಆ ಅಂಗಳದಲ್ಲಿ ಕಾಯ್ದೆಗೆ ಬೇಕಾದಷ್ಟು ಆಳುಗಳೇ ಇಲ್ಲ, ಅದು ಕಾರ್ಖಾನೆಯೇ ಅಲ್ಲ ಎಂದರು. ಹೇಗಿರುತ್ತಾರೆ? ಅರ್ಧಕ್ಕರ್ಧ ಆಳುಗಳು ಬೇವಿನ ಗಿಡದ ಕೆಳಗೆ ರೊಟ್ಟಿ ತಿನ್ನುತ್ತಿದ್ದರಲ್ಲ! ಕೊನೆಗೆ ನಿಮ್ಮಲ್ಲಿಗೆ ಬಂದೆ. ನಿಮ್ಮ ಗುಮಾಸ್ತರು ಒಳ್ಳೆಯವರು, ಕುರ್ಚಿ ಕೊಟ್ಟರು. ಕೆಲಸ ಮಾಡಿದ್ದಕ್ಕೆ ಪುರಾವೆ ಕೇಳಿದರು. ನಾನು ಕೈ ತೋರಿಸಿದೆ. ಅವರು ಮೆಲ್ಲಗೆ, "ಅಕ್ಕಾ, ಇದು ಗಾಯ ಅದ, ಪುರಾವೆ ಅಲ್ಲ" ಎಂದರು.

ಈಗ ಅಂಗಳದಲ್ಲಿ ಒಂಟಿ ಆಳಿಗೆ ಕೆಲಸವಿಲ್ಲ. ನನ್ನ ಗಂಡನ ತಂಗಿ ಶ್ರುತಿ ಶಹಾಬಾದಿನಲ್ಲಿ ಹೊಲಿಗೆ ಕಲಿಯುತ್ತಿದ್ದಳು. ಅದನ್ನು ಬಿಡಿಸಿ ಅಣ್ಣನಿಗೆ ಜೋಡಿ ಮಾಡಿದ್ದಾರೆ. ನಾನು ಮನೆಯಲ್ಲಿ ಅಡುಗೆ ಮಾಡಿ ಇಬ್ಬರಿಗೂ ಬುತ್ತಿ ಒಯ್ಯುತ್ತೇನೆ. ನಿಮ್ಮ ವರದಿ ಕೊನೆಗೂ ನಿಜವಾಗಿದೆ.

ಹೋದ ವಾರ ನಿಮ್ಮ ಜೀಪು ಮತ್ತೆ ಬಂತು. ಶ್ರುತಿ ಓಡಿ ಬಂದು ಗಿಡದ ಕೆಳಗೆ ನನ್ನ ಪಕ್ಕ ಕೂತು ಕೈ ಚಾಚಿದಳು. ನಾನು ರೊಟ್ಟಿ ಇಟ್ಟೆ. ನೀವು ಕೇಳಿದಿರಿ. "ಬುತ್ತಿ ತಂದೀನ್ರಿ ಸಾಹೇಬ್ರ" ಎಂದಳು. ಅವಳಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ನನ್ನ ಕೈಯ ಮೇಲೆ ಸೆರಗಿತ್ತು, ನೀವು ನೋಡಲಿಲ್ಲ. ಜೀಪು ಹೋದ ಮೇಲೆ ಬಹಳ ದಿನಗಳ ನಂತರ ಮೊದಲ ಸಲ ನನಗೆ ಭಯವಾಯಿತು.

ಆದ್ದರಿಂದ ಕೇಳುತ್ತೇನೆ. ಇನ್ನೊಮ್ಮೆ ಬನ್ನಿ, ಮುಂಚೆ ಯಾರಿಗೂ ತಿಳಿಯದಂತೆ ಬನ್ನಿ. ಯಾವುದಾದರೂ ಮಷೀನಿನ ಮುಂದೆ ನಿಂತು, ಒಂದು ಫರ್ಸಿಯನ್ನು ಒಬ್ಬನೇ ಎತ್ತಿ ಕೊಯ್ದು ಕೆಳಗಿಡಲು ಅಲ್ಲಿನ ಗಂಡಾಳಿಗೆ ಹೇಳಿ. ಅವನಿಂದ ಅದು ಆದರೆ ನನ್ನ ಅರ್ಜಿಯನ್ನು ಹರಿದು ಬಿಸಾಕಿ. ಆಗದಿದ್ದರೆ ಇನ್ನೊಂದು ತುದಿ ಹಿಡಿದವಳ ಹೆಸರು ಕೇಳಿ, ಅಲ್ಲೇ ನಿಂತು ಬರೆದುಕೊಳ್ಳಿ. ನನ್ನದು ಆಮೇಲೆ ಬರೆದರೂ ನಡೆಯುತ್ತದೆ. ಮೊದಲು ಶ್ರುತಿಯದು ಬರೆಯಿರಿ, ಅವಳ ಬೆರಳುಗಳು ಇನ್ನೂ ಪೂರ್ತಿ ಇವೆ.

ಇಂತಿ,
ನಿಮ್ಮ ಫೋಟೊದಲ್ಲಿ ರೊಟ್ಟಿ ಹಿಡಿದು ಕೂತವಳು,
ಜಯಮಾಲಾ
ಭಂಕೂರ