ಪ್ಲಾಟ್‌ಫಾರಂ ಮೇಲೆ ನಿನ್ನ ಚಪ್ಪಲಿ

ಸ್ಟುಡಿಯೋ,
ಮಂಗಳವಾರ, ಹದಿನಾಲ್ಕನೇ ತಾರೀಕು

ಪ್ರೀತಿಯ ಚಿಟ್ಟೆ,

ನೀನು ಚೆನ್ನಾಗಿದ್ದೀಯೆಂದು ಗೋಡೆ ಗೋಡೆಯೂ ಹೇಳುತ್ತಿದೆ. ಪ್ರತಿ ಪೋಸ್ಟರಿನಲ್ಲೂ ‘ಕಥೆ’ಯ ಪಕ್ಕ ನಿನ್ನ ಹೆಸರು. ನಿನ್ನ ಮದುವೆಯ ಕಾಗದಕ್ಕೆ ಉತ್ತರ ಒಂಬತ್ತು ವರ್ಷ ತಡವಾಯಿತು, ಕ್ಷಮಿಸು. ಬರೆಯಲು ಕೂತಾಗಲೆಲ್ಲ ಬರೀ ಬೈಗುಳ ಬರುತ್ತಿತ್ತು. ಈಗಲೂ ಅದೇ ಬರುತ್ತಿದೆ, ಆದರೆ ಈಗ ಹೇಳಲು ಸುದ್ದಿಯೂ ಇದೆ.

ನನ್ನ ಕೆಲಸ ನಿನಗೆ ಗೊತ್ತಿರಲಿಕ್ಕಿಲ್ಲ. ಸಿನಿಮಾದಲ್ಲಿ ನಡೆಯುವವರಿಗೆ ಹೆಜ್ಜೆ ಸದ್ದು ಕೊಡುವವಳು ನಾನು. ಪರದೆ ನೋಡುತ್ತಾ ಮೈಕಿನ ಮುಂದೆ ಕಲ್ಲು, ಮರಳು, ಹಲಗೆಗಳ ಮೇಲೆ ಅವರ ಹಾಗೇ ನಡೆಯಬೇಕು. ಹೋದ ತಿಂಗಳು ಬಂದದ್ದು ನಿನ್ನ ಚಿತ್ರ, ನಮ್ಮದೇ ಕಥೆ. ಇಬ್ಬರು ಗೆಳತಿಯರ ಪರದೇಶ ಪ್ರವಾಸ, ರೈಲಿನಲ್ಲಿ ಸಿಕ್ಕ ನಕ್ಷೆ ಬರೆಯುವವನು, ಚೆಲುವೆಗೆ ಪ್ರೇಮ. ಇನ್ನೊಬ್ಬಳು ಇರುವುದು ತಿನ್ನುವುದಕ್ಕೆ, ಗೊರಕೆ ಹೊಡೆಯುವುದಕ್ಕೆ. ಅಬ್ಬಬ್ಬಾ, ಎಂಥ ಬಣ್ಣ ಹಚ್ಚಿದ್ದೀಯೇ ನನಗೆ! ಆ ನಕ್ಷೆಯವನು, ಅಂದರೆ ನಿನ್ನ ಗಂಡ, ಮೊದಲ ಮೂರು ದಿನ ಕೈ ಹಿಡಿದುಕೊಂಡು ಸುತ್ತಿದ್ದು ನನ್ನ ಜೊತೆ. ಅದು ಒಂದು ಶಾಟಿನಲ್ಲೂ ಇಲ್ಲ. ಆ ಗೊರಕೆಯನ್ನೂ ನಾನೇ ಹೊಡೆಯಬೇಕಾಯಿತು. “ಸೂಪರ್ ಮೇಡಂ, ಹುಟ್ಟಿದಾಗಿಂದ ಅಭ್ಯಾಸ ಇರೋ ಹಾಗಿದೆ” ಎಂದು ನಿರ್ದೇಶಕರು ನಕ್ಕರು.

ಸೇಡು ತೀರಿಸಿಕೊಂಡೆ. ನೆನಪಿದೆಯಾ, ನೀನು ಅವನ ಜೊತೆ ಹೋಗುವಾಗ ಹೋಟೆಲಿನಿಂದ ನನ್ನ ಕೆಂಪು ಬೂಟು ಎತ್ತಿಕೊಂಡೆ, ನಿನ್ನ ಬಾರು ಕಿತ್ತ ಚಪ್ಪಲಿ ಬಿಟ್ಟೆ. ನಾನು ಅದನ್ನು ಎಸೆದಿರಲಿಲ್ಲ. ಕೊನೆಯಲ್ಲಿ ರೈಲು ನಿಲ್ದಾಣದಲ್ಲಿ ಅವರು ಮುತ್ತು ಕೊಡುವಾಗ ಸಂಗೀತ ನಿಲ್ಲುತ್ತದಲ್ಲ, ಅಲ್ಲಿ ಆ ಚಪ್ಪಲಿ ಹಾಕಿಕೊಂಡು ನಡೆದೆ. ಒಂದು ಕಾಲು ಟಪ್, ಒಂದು ಕಾಲು ಸರ್. ಹತ್ತಿರ ಬರುತ್ತದೆ, ನಿಲ್ಲುತ್ತದೆ, ವಾಪಸು ಹೋಗುತ್ತದೆ.

“ಯಾರಮ್ಮ ಅದು?” ಎಂದರು ನಿರ್ದೇಶಕರು.

“ಪ್ಲಾಟ್‌ಫಾರಂ ಅಂದ್ಮೇಲೆ ಜನ ಓಡಾಡಲ್ವಾ ಸಾರ್?”

“ಅದೂ ಸರೀನೇ. ಇರಲಿ ಬಿಡಿ.”

ಇದ್ದುಬಿಟ್ಟಿತು. ಶುಕ್ರವಾರ ಬಿಡುಗಡೆ, ಚಿತ್ರ ಆಗಲೇ ಥಿಯೇಟರುಗಳಿಗೆ ಹೋಗಿದೆ. ಇನ್ನು ನೀನು ತಲೆಕೆಳಗಾಗಿ ನಿಂತರೂ ತೆಗೆಸಲಾರೆ. ಜನಕ್ಕೆ ಅದು ಯಾರೋ ಪ್ರಯಾಣಿಕರು. ಗಂಡನ ಪಕ್ಕ ಕೂತ ನಿನಗೆ ಮಾತ್ರ ಗೊತ್ತಾಗುತ್ತದೆ. ಟಿವಿಯಲ್ಲಿ ಹಾಕಿದಾಗಲೂ, ನಿನ್ನ ಮಕ್ಕಳು ನೋಡುವಾಗಲೂ ಆ ಮುತ್ತಿನ ಹಿಂದೆಯೇ ಬರುತ್ತೇನೆ. ಕಣ್ಣು ಮುಚ್ಚಿ ಹಾಲು ಕುಡಿದ ಬೆಕ್ಕು ಯಾರೂ ನೋಡಲಿಲ್ಲ ಅಂದುಕೊಂಡಿತ್ತಂತೆ.

ಚಿತ್ರ ನೂರು ದಿನ ಓಡಲಿ ಎಂದು ಮನಸಾರೆ ಹರಸುತ್ತೇನೆ. ಓಡಿದಷ್ಟೂ ನನಗೇ ಒಳ್ಳೆಯದು.

ಇಂತಿ ನಿನ್ನ
ಗೊರಕೆ ಗೆಳತಿ

ತಾ.ಕ.: ನಿನ್ನ ಕಥೆಯಲ್ಲಿ ಒಂದು ತಪ್ಪಿದೆ. ನೀನು ಹೋಟೆಲಿನಿಂದ ಹೊರಟ ಆ ಮಧ್ಯಾಹ್ನ ನಾನು ನಿದ್ದೆ ಮಾಡಿರಲಿಲ್ಲ ಕಣೇ. ಜ್ವರಕ್ಕೆ ಕಣ್ಣು ಮುಚ್ಚಿ ಮಲಗಿದ್ದೆ. ಸಿಕ್ಕಿಬಿದ್ದೆನೆಂದು ನಿನಗೆ ನಾಚಿಕೆಯಾಗದಿರಲಿ ಎಂದು ಸುಳ್ಳು ಗೊರಕೆ ಹೊಡೆದೆ. ನೀನು ಬರಿಗಾಲಲ್ಲಿ ಹನ್ನೊಂದು ಹೆಜ್ಜೆ ಇಟ್ಟು ಬಾಗಿಲ ಹತ್ತಿರ ನಿಂತೆ. ಅವನು ಹೋದರೆ ಹಾಳಾಗಿ ಹೋಗಲಿ. ನೀನು ತಿರುಗಿ ಬಂದು ಒಮ್ಮೆ ನನ್ನ ಹಣೆ ಮುಟ್ಟಿ ನೋಡುತ್ತೀಯ ಎಂದು ಕಾದೆ. ಹನ್ನೆರಡನೆಯ ಹೆಜ್ಜೆ ಹೊರಗೆ ಬಿತ್ತು.